ಆರೂವರೆ ಆಟದ ಜಗ್ಗಲಗಿ

ನಾನು ಒಂದು ಜಗ್ಗಲಗಿ. ನೀವು ಹಲಗಿ ನೋಡಿದ್ದೀರಿ, ಡೊಳ್ಳು ನೋಡಿದ್ದೀರಿ, ನನ್ನನ್ನು ನೋಡಿರಲಿಕ್ಕಿಲ್ಲ. ಅವುಗಳನ್ನು ಹೆಗಲಿಗೆ ಹಾಕಿಕೊಂಡು ಒಬ್ಬನೇ ಹೊರಡಬಹುದು. ನನ್ನನ್ನು ಹೊರುವ ಗಂಡಸು ಇನ್ನೂ ಹುಟ್ಟಿಲ್ಲ. ನಾನು ಉರುಳಿಕೊಂಡೇ ಬರುವವನು. ಇಬ್ಬರು ಆಚೀಚೆ ಹಿಡಿದಿರಬೇಕು, ಮೂರನೆಯವನು ಬಾರಿಸುತ್ತ ಪಕ್ಕದಲ್ಲಿ ನಡೆಯಬೇಕು. ಜಂಬ ಎನ್ನುತ್ತೀರಾ? ಅನ್ನಿ. ಎತ್ತಿನ ಗಾಡಿಯ ಗಾಲಿಯಿಂದ ಹುಟ್ಟಿದವನಿಗೆ ಅಷ್ಟೂ ಜಂಬ ಬೇಡವೇ?

ಹುಟ್ಟಿದ್ದು ಸೋಮನಕಟ್ಟಿಯ ಹತ್ತಿರದ ಹಳ್ಳಿಯಲ್ಲಿ, ಭರಮಪ್ಪ ಎಂಬ ರೈತನ ಹಿತ್ತಲಲ್ಲಿ. ಅವನು ಟೈರಿನ ಗಾಡಿ ಮಾಡಿಸಿದ ಮೇಲೆ ಹಳೆಯ ಗಾಲಿಯೊಂದು ಗೋಡೆಗೆ ಒರಗಿ ಸುಮ್ಮನೆ ಕೂತಿತ್ತು. ಒಳಗಿನ ಕಡ್ಡಿಗಳನ್ನೆಲ್ಲ ಕಿತ್ತು ಬರೀ ಸುತ್ತು ಉಳಿಸಿದರು. ನೆನೆಸಿದ ಎಮ್ಮೆ ತೊಗಲನ್ನು ಎಳೆದು ಬಿಗಿದರು. ಬಿಸಿಲಿಗೆ ಒಣಗಿದ ಮೇಲೆ ಭರಮಪ್ಪ ಕೋಲೆತ್ತಿ ಒಂದು ಪೆಟ್ಟು ಕೊಟ್ಟ. ಓಣಿಯ ನಾಯಿಗಳು ದಿಕ್ಕಾಪಾಲಾಗಿ ಓಡಿದವು, ತೊಟ್ಟಿಲ ಕೂಸು ಎದ್ದು ಅತ್ತಿತು. "ಹುಟ್ಟಿದ ನೋಡ್ರಿ ಗಂಡಮಗ!" ಎಂದು ಅವನು ಮೀಸೆ ತಿರುವಿದ.

ಕೆಲವು ವರ್ಷ ಹೋಳಿಹುಣ್ಣಿಮೆಗೆ ಅಲ್ಲೇ ಮೆರೆದೆ. ಆಮೇಲೆ ಭರಮಪ್ಪ ತನ್ನ ಮಗಳನ್ನು ಸೋಮನಕಟ್ಟಿಯ ಪರಸಪ್ಪನಿಗೆ ಕೊಟ್ಟ. ಅಳಿಯನ ರಟ್ಟೆ ನೋಡಿ ಮಾವನಿಗೆ ಎಷ್ಟು ಖುಷಿಯಾಯಿತೆಂದರೆ, ಪಾತ್ರೆ ಹಾಸಿಗೆಗಳ ಜೊತೆ ನನ್ನನ್ನೂ ಗಾಡಿಗೆ ಏರಿಸಿಬಿಟ್ಟ. ಮದುಮಗಳು ದಾರಿಯುದ್ದಕ್ಕೂ ಅತ್ತಳು. ನಾನೇಕೆ ಅಳಲಿ? ಪೇಟೆ ನೋಡುವ ಹುರುಪಿನಲ್ಲಿದ್ದೆ.

ಸೋಮನಕಟ್ಟಿಯನ್ನು ರೈಲು ಹಳಿ ಸರಿಯಾಗಿ ನಡುವೆ ಸೀಳಿದೆ. ಗೇಟಿನ ಈಚೆ ಪೇಟೆ, ಮನೆಮನೆಯಲ್ಲೂ ಪಾವರ್‌ಲೂಮು. ಆಚೆ ಕಾಲನಿ, ರೈಲ್ವೆಯವರ ಸಾಲುಮನೆಗಳು. ಎಳ್ಳಮಾವಾಸ್ಯೆ ಮುಗಿದ ರವಿವಾರ ಪೇಟೆಗೂ ಕಾಲನಿಗೂ ಫುಟ್‌ಬಾಲ್ ಪಂದ್ಯ. ಅದು ಯಾವ ಕಾಲದಿಂದ ನಡೆದು ಬಂದಿದೆಯೋ ಯಾರಿಗೂ ನೆನಪಿಲ್ಲ. ಆ ದಿನ ಗೇಟಿನ ಆಚೀಚೆಯ ಬೀಗರು ಬೀಗರಲ್ಲ, ಗೆಳೆಯರು ಗೆಳೆಯರಲ್ಲ. ಪೇಟೆಯವರು ಬಣ್ಣಬಣ್ಣದ ನೂಲಿನ ಗೊಂಚಲು ಬೀಸುತ್ತ "ಕಾಲನಿ ಗಾಡಿ ಲೇಟು! ಕಾಲನಿ ಗಾಡಿ ಲೇಟು!" ಎಂದು ಒದರುತ್ತಾರೆ. ಕಾಲನಿಯವರು ಊಟದ ತಾಟು ಬಡಿಯುತ್ತ "ಹರಿತು ಹರಿತು, ಪೇಟಿ ದಾರ ಹರಿತು!" ಎನ್ನುತ್ತಾರೆ. ಎರಡರ ನಡುವೆ ನಾನು. ಪರಸಪ್ಪ ಕೋಲು ಎತ್ತಿದನೆಂದರೆ ಆ ತಾಟುಗಳೆಲ್ಲ ತೆಪ್ಪಗಾಗಬೇಕು. ನಾನು ಏನೇನೋ ಸುಖ ಕಂಡಿದ್ದೇನೆ, ಈ ಸುಖಕ್ಕೆ ಸಮ ಯಾವುದೂ ಇಲ್ಲ.

ಇನ್ನು ಯಮನೂರನ ವಿಷಯ ಹೇಳಬೇಕು. ಅವನು ಪರಸಪ್ಪನ ಅಕ್ಕನ ಮಗ. ಕೂಸಿದ್ದಾಗ ಜ್ವರ ಬಂದು ಎರಡೂ ಕಿವಿ ಹೋದವು. ಆದರೆ ಪೇಟೆಯಲ್ಲಿ ಅದೊಂದು ಕೊರತೆ ಎಂದು ಯಾರಿಗೂ ಅನಿಸಲಿಲ್ಲ. ಮಗ್ಗಗಳು ನಡೆಯುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ, ಕೈಯಲ್ಲೇ ಬೈಯುತ್ತಾರೆ. ಯಮನೂರ ಎಲ್ಲರಿಗಿಂತ ಚಂದ ಬೈಯುತ್ತಿದ್ದ. ಕಾಲಿಗೆ ಚೆಂಡು ಸಿಕ್ಕರಂತೂ ಕೇಳುವುದೇ ಬೇಡ, ಪೇಟೆಯ ತಂಡದಲ್ಲಿ ಅವನಂಥ ಗೋಲು ಹೊಡೆಯುವವನು ಇನ್ನೊಬ್ಬ ಇರಲಿಲ್ಲ.

ತೊಂದರೆ ಒಂದೇ, ರೆಫರಿಯ ಸೀಟಿ. ಅದಕ್ಕೆ ಮಾವ ಅಳಿಯ ಸೇರಿ ಉಪಾಯ ಮಾಡಿದರು. ಯಮನೂರ ಓಡುವ ಕಡೆಗೆ ಗೆರೆಯ ಗುಂಟ ನನ್ನನ್ನೂ ಉರುಳಿಸಿಕೊಂಡು ಹೋಗುವುದು. ನಾನು ಸಣ್ಣಗೆ ನುಡಿಯುತ್ತಿದ್ದರೆ ಆಟ ನಡೆದಿದೆ ಎಂದರ್ಥ. ಸೀಟಿ ಬಿದ್ದ ಕೂಡಲೇ ಪರಸಪ್ಪ ಒಂದೇ ಒಂದು ದೊಡ್ಡ ಪೆಟ್ಟು ಹಾಕಿ ಕೈ ನಿಲ್ಲಿಸುತ್ತಾನೆ. ಆ ಪೆಟ್ಟು ನೆಲದಿಂದ ಯಮನೂರನ ಅಂಗಾಲಿಗೆ, ಗಾಳಿಯಿಂದ ಅವನ ಎದೆಗೆ ತಾಗುತ್ತದೆ. ಅವನು ನಿಲ್ಲುತ್ತಾನೆ. ಪಾಪ ಪರಸಪ್ಪ! ಊರೆಲ್ಲ ಚೆಂಡು ನೋಡುವಾಗ ಅವನು ರೆಫರಿಯ ತುಟಿ ನೋಡುತ್ತಿದ್ದ. ಅಳಿಯ ಹೊಡೆದ ಗೋಲುಗಳಲ್ಲಿ ಒಂದನ್ನೂ ಅವನು ನೆಟ್ಟಗೆ ಕಂಡವನಲ್ಲ. ಮನೆಗೆ ಹೋಗಿ ಹೆಂಡತಿಯ ಬಾಯಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದ.

ಒಂದು ವರ್ಷ ಎಡವಟ್ಟಾಯಿತು. ಆಗ ಪಂದ್ಯ ಸಂಜೆಗೆ ಇರುತ್ತಿತ್ತು, ಸಂಜೆಯ ಹೊತ್ತಿಗೆ ಅರ್ಧ ಜನರ ಹೊಟ್ಟೆಗೆ ಎಣ್ಣೆ ಬಿದ್ದಿರುತ್ತಿತ್ತು. ನಮ್ಮ ಕಡೆಯವನೇ ಒಬ್ಬ ತೂರಾಡುತ್ತ ಬಂದು "ಏ ನನ್ನ ಜಗ್ಗಲಗೀ!" ಎಂದು ನನ್ನನ್ನು ತಬ್ಬಿಕೊಂಡುಬಿಟ್ಟ. ಅದೇ ಹೊತ್ತಿಗೆ ಸೀಟಿ ಬಿತ್ತು. ಪರಸಪ್ಪ ಹೊಡೆದ ಪೆಟ್ಟು ಅವನ ಬೆನ್ನಿಗೆ ಬಿತ್ತು. ನನ್ನ ಬಾಯಿಂದ ಸದ್ದೇ ಹೊರಡಲಿಲ್ಲ. ಯಮನೂರ ನಿಲ್ಲದೆ ಓಡಿ ಚೆಂಡು ಒದ್ದ. ಸೀಟಿ ಬಿತ್ತೆಂದು ಕೈ ಇಳಿಸಿ ನಿಂತಿದ್ದ ಕಾಲನಿಯ ಗೋಲ್‌ಕೀಪರ್ ಸ್ಯಾಮ್ಯುವೆಲ್ಲನ ಮೂಗಿಗೆ ಅದು ಬಡಿಯಿತು. ಆಮೇಲೆ ಕೇಳಬೇಕೇ? ಚಪ್ಪಲಿ, ಕಲ್ಲು, ಕುರ್ಚಿ ಎಲ್ಲ ಹಾರಾಡಿದವು. ಯಾರೋ ಹುಲ್ಲಿಗೆ ಬೆಂಕಿ ಇಟ್ಟರು.

ಮರುವರ್ಷ ಪಂದ್ಯದ ಕಮಿಟಿಯವರು, ಪೊಲೀಸ್ ಫೌಜದಾರರು ಕೂಡಿ ತೀರ್ಮಾನ ಮಾಡಿದರು. ಆಟ ಬೆಳಿಗ್ಗೆ ಆರೂವರೆಗೆ. ಕುಡಿಯುವವರು ಏಳುವ ಮೊದಲೇ ಮುಗಿದು ಹೋಗಲಿ. ಮೈದಾನದೊಳಗೆ ಯಾರೂ ಬೆಂಕಿಕಡ್ಡಿ ಗೀರುವಂತಿಲ್ಲ. ಯಮನೂರ ಸೀಟಿ ಮೀರಿದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಹೊರಗೆ. ಹೊರಗೆ ಹೋದರೆ ಮುಂದೆ ಯಾವ ವರ್ಷವೂ ಅವನನ್ನು ಆಡಿಸುವಂತಿಲ್ಲ. ಕೈಸನ್ನೆಯಲ್ಲಿ ಇದನ್ನು ತಿಳಿಸಿದಾಗ ಯಮನೂರ ನಕ್ಕು ನನ್ನ ಕಡೆ ಬೆರಳು ಮಾಡಿದ. ಇವನಿದ್ದಾನಲ್ಲ, ಮತ್ತೇಕೆ ಚಿಂತೆ ಎಂಬ ಹಾಗೆ. ಚಿಂತೆ ನನಗಿತ್ತು. ನಾನು ತೊಗಲಿನವನು. ಮಾಗಿಯ ಮಂಜಿಗೆ ತೊಗಲು ಸಡಿಲಾಗುತ್ತದೆ, ಕಾಯಿಸದಿದ್ದರೆ ನನಗೆ ಧ್ವನಿಯೇ ಬರುವುದಿಲ್ಲ.

ಪರಸಪ್ಪನಿಗೆ ಇದು ಗೊತ್ತಿಲ್ಲದೆ ಇಲ್ಲ. ಮನೆಯಂಗಳದಲ್ಲೇ ಹುಲ್ಲು ಉರಿಸಿ ನನ್ನನ್ನು ಚೆನ್ನಾಗಿ ಕಾಯಿಸಿದ. ಬೆರಳು ತಾಗಿದರೆ ಗಣಗಣ ಎನ್ನುವ ಹಾಗೆ ಬಿಗಿಯಾದೆ. ಹಾಡುತ್ತ ಕೂಗುತ್ತ ಕಾಲನಿ ಬದಿಯ ಮೈದಾನಕ್ಕೆ ಹೊರಟೆವು. ಹೋಗಿ ನೋಡಿದರೆ ರೈಲ್ವೆ ಗೇಟು ಹಾಕಿದೆ! ಗೂಡ್ಸ್ ಗಾಡಿಯೊಂದು ಸಿಗ್ನಲ್ ಸಿಗದೆ ಅಡ್ಡ ನಿಂತಿತ್ತು. ನನ್ನನ್ನು ಅದರ ಕೆಳಗೆ ತೂರಿಸುವ ಹಾಗಿಲ್ಲ, ಮೇಲೆ ಎತ್ತುವ ಹಾಗಿಲ್ಲ. ಸುತ್ತಲೂ ಮಂಜು ಹಾಲು ಚೆಲ್ಲಿದ ಹಾಗೆ ಕವಿದಿತ್ತು. ಪರಸಪ್ಪ ತನ್ನ ಕಂಬಳಿ ತೆಗೆದು ನನಗೆ ಹೊದಿಸಿ ತಾನು ನಡುಗುತ್ತ ನಿಂತ. ಗಾಡಿ ಸರಿಯುವ ಹೊತ್ತಿಗೆ ಕಂಬಳಿಯೂ ತೊಯ್ದಿತ್ತು, ನಾನೂ ತೊಯ್ದಿದ್ದೆ.

ಮೈದಾನದಲ್ಲಿ ಅವನು ಮೊದಲ ಪೆಟ್ಟು ಹಾಕಿದ. "ದಪ್" ಎಂದಿತು. ಹಿಟ್ಟಿನ ಚೀಲ ಕೆಳಗೆ ಬಿದ್ದ ಸದ್ದು. ನಾಚಿಕೆಯಿಂದ ಸತ್ತೇ ಹೋದೆ. ಜನರೂ ಹಾಗೇ ಇದ್ದರು. ಕಂಬಳಿ ಹೊದ್ದು ಮೂಗು ಒರೆಸಿಕೊಳ್ಳುತ್ತ ಕೂತಿದ್ದರು. ಪೇಟೆಯವರು ಒದರಲಿಲ್ಲ, ಕಾಲನಿಯವರ ತಾಟೂ ಏಳಲಿಲ್ಲ. ಫೌಜದಾರರು ಬಯಸಿದ್ದ ಶಾಂತಿ ಚೆನ್ನಾಗಿಯೇ ನೆಲೆಸಿತ್ತು. ಕಾಲನಿಯವರು ಒಂದು ಗೋಲು ಹೊಡೆದರು, ಅದಕ್ಕೂ ನಾಲ್ಕು ಜನ ಚಪ್ಪಾಳೆ ತಟ್ಟಿದರು ಅಷ್ಟೇ. ಆಮೇಲೆ ಆಗಬಾರದ್ದೇ ಆಯಿತು. ಸೀಟಿ ಬಿತ್ತು, ಪರಸಪ್ಪ ಮೈಯೆಲ್ಲ ಬಲ ಹಾಕಿ ಹೊಡೆದ, ನಾನು "ದಪ್" ಎಂದೆ, ಯಮನೂರ ಚೆಂಡಿನೊಡನೆ ಮುಂದೆ ಓಡಿದ. ರೆಫರಿ ಹಳದಿ ಚೀಟಿ ಎತ್ತಿದರು.

ಅರ್ಧ ಆಟ ಮುಗಿದಾಗ ಪೇಟೆಯ ನಾಯಕ ಯಮನೂರನ ಹೆಗಲ ಮೇಲೆ ಕೈಯಿಟ್ಟು, ಹೊರಗೆ ಕೂಡು ಎಂದು ಸನ್ನೆ ಮಾಡಿದ. ಇನ್ನೊಂದು ಸಲ ತಪ್ಪಿದರೆ ಅವನ ಆಟವೇ ಮುಗಿಯಿತಲ್ಲ! ಯಮನೂರ ಬೂಟಿನ ದಾರ ಬಿಚ್ಚತೊಡಗಿದ. ಪರಸಪ್ಪ ನನ್ನ ತೊಗಲಿಗೆ ಹಣೆ ಹಚ್ಚಿ ಅತ್ತುಬಿಟ್ಟ.

ಆಗ ಬಂದವಳು ಹಜರತಮಾ. ಕಾಲನಿಯ ತಾಟಿನ ದಂಡಿಗೆಲ್ಲ ಅವಳೇ ಮುಖ್ಯಸ್ಥೆ. ಮೈದಾನದ ಬಾಗಿಲ ಎದುರು, ರಸ್ತೆಯಾಚೆ ಕಟ್ಟಿಗೆ ಒಲೆ ಹೂಡಿ ಮಿರ್ಚಿ ಭಜಿ ಕರಿಯುತ್ತಿದ್ದವಳು ಸೌಟು ಹಿಡಿದೇ ಬಂದಳು.

"ಪರಸಪ್ಪಾ, ಏನಿದು? ನಿಮ್ಮ ಜಗ್ಗಲಗಿಗೆ ಗಂಟಲು ಹಿಡದೈತೇನು?"

"ಮಂಜಿಗೆ ಸಡಿಲಾಗೇತಿ ಯಕ್ಕಾ. ಇಲ್ಲಿ ಬೆಂಕಿ ಹಚ್ಚಾಕ ಬಿಡಂಗಿಲ್ಲ."

"ಹಂಗಂತ ಅಳಕೋತ ಕುಂತಿಯೇನು? ನನ್ನ ಒಲಿ ರಸ್ತೆದಾಗ ಐತಿ, ಮೈದಾನದಾಗ ಅಲ್ಲ. ಉರುಳಿಸ್ಕೊಂಡು ಬಾ."

"ಯಕ್ಕಾ, ನೀ ಕಾಲನಿಯಾಕಿ..."

"ಅದಕ್ಕ ಹೇಳಾಕತ್ತೇನಿ! ವರ್ಷಪೂರ್ತಿ ಕಾದು ಕುಂತದ್ದು ಈ ಸಪ್ಪನ ಆಟ ನೋಡಾಕೇನು? ನೀವು ಒದರಲಿಲ್ಲಂದ್ರ ನಾವು ಯಾರ ಮ್ಯಾಲೆ ಒದರೂಣು? ಆ ಹುಡುಗ ಆಡಿ ಸೋಲಬೇಕು. ಹೊರಗ ಕುಂತು ಸೋತ್ರ ನಮಗೇನ್ ಮಜಾ?"

ಕಾಲನಿಯ ಹುಡುಗರೇ ನನಗೆ ಕೈ ಹಚ್ಚಿದರು. ಕುದಿಯುವ ಕಡಾಯಿ ಕೆಳಗಿಳಿಸಿ ಕೆಂಡದ ಮುಂದೆ ನನ್ನನ್ನು ಮೆಲ್ಲಗೆ ತಿರುಗಿಸಿದರು. ಫೌಜದಾರರು ಅಲ್ಲೇ ಮಿರ್ಚಿ ತಿನ್ನುತ್ತ ನಿಂತಿದ್ದರು. ಏನೋ ಹೇಳಲು ಬಾಯಿ ತೆಗೆದರು. "ಸಾಹೇಬ್ರ, ಇನ್ನೊಂದು ತಗೋರಿ," ಎಂದು ಹಜರತಮಾ ಅವರ ತಟ್ಟೆ ತುಂಬಿಸಿದಳು. ಮೆಣಸಿನಕಾಯಿ ಘಾಟು ನನ್ನ ತೊಗಲಿಗೆ ಹತ್ತಿ, ಉರುಳಿಸಿದವರೆಲ್ಲ ಸೀನಿದರು. ನನ್ನ ಮೈ ಬಿಗಿಯಿತು. ಪರಸಪ್ಪ ಒಂದು ಪೆಟ್ಟು ಕೊಟ್ಟು ನೋಡಿದ.

ಢಂ!

ಮೈದಾನದಲ್ಲಿ ಬೂಟು ಕಳಚುತ್ತಿದ್ದ ಯಮನೂರ ತಲೆ ಎತ್ತಿದ. ಎದೆ ಮುಟ್ಟಿಕೊಂಡ. ಸರಸರನೆ ದಾರ ಬಿಗಿದು ಎದ್ದೇ ನಿಂತ.

ಆಮೇಲಿನ ಆಟ, ಅಬ್ಬಾ! ಕಂಬಳಿಗಳು ಹಾರಿದವು, ನೂಲಿನ ಗೊಂಚಲು ಎದ್ದವು, ತಾಟುಗಳು ಮೊಳಗಿದವು. ಕುಡಿದವನೊಬ್ಬನೂ ಇರಲಿಲ್ಲ, ಆದರೂ ಅಷ್ಟೊಂದು ಗದ್ದಲವನ್ನು ನಾನು ಯಾವ ಸಂಜೆಯೂ ಕೇಳಿದವನಲ್ಲ. ಯಮನೂರ ಇಬ್ಬರನ್ನು ದಾಟಿ ಮುಂದೆ ಓಡಿದ, ಹಿಂದಿನಿಂದ ಅವನ ಕಾಲಿಗೆ ಚೆಂಡು ಬಂತು. ಮುಂದೆ ಸ್ಯಾಮ್ಯುವೆಲ್ ಒಬ್ಬನೇ. ಕಾಲು ಎತ್ತಿದ್ದೇ ತಡ, ಆಫ್‌ಸೈಡ್ ಎಂದು ಸೀಟಿ ಬಿತ್ತು. ಪರಸಪ್ಪನ ಕೈ ಒಂದು ಚೂರೂ ತಡೆಯಲಿಲ್ಲ. ನಾನು ಢಂ ಎಂದೆ. ಎತ್ತಿದ ಕಾಲು ಹಾಗೇ ಗಾಳಿಯಲ್ಲಿ ನಿಂತಿತು. ಚೆಂಡು ತನ್ನಷ್ಟಕ್ಕೆ ಉರುಳಿ ಹೋಯಿತು. ಹಿಂದಿನ ವರ್ಷದ ಪೆಟ್ಟು ನೆನೆದು ಮೂಗು ಮುಚ್ಚಿಕೊಂಡು ಕೂತುಬಿಟ್ಟಿದ್ದ ಸ್ಯಾಮ್ಯುವೆಲ್ ಬೆರಳ ಸಂದಿಯಿಂದ ನೋಡಿ, ಎದ್ದು ಬಂದು ಯಮನೂರನನ್ನು ತಬ್ಬಿಕೊಂಡ. ಮೊದಲು ಚಪ್ಪಾಳೆ ಬಂದದ್ದು ಕಾಲನಿಯ ಕಡೆಯಿಂದ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಅವನು ಗೋಲು ಹೊಡೆದೇ ಹೊಡೆದ. ಸೀಟಿ ಬಿತ್ತು, ರೂಢಿಯಂತೆ ನಾನು ಢಂ ಎಂದು ಸುಮ್ಮನಾದೆ. ಯಮನೂರ ಗಾಬರಿಯಾಗಿ ತಿರುಗಿದ. ಇದೂ ರದ್ದಾಯಿತೇ ಎಂಬ ಮುಖ. ಪರಸಪ್ಪ ಎರಡೂ ಕೋಲು ಎತ್ತಿ ನಿಲ್ಲಿಸದೆ ಬಾರಿಸತೊಡಗಿದ ಮೇಲೆಯೇ ಅವನು ನಕ್ಕದ್ದು. ಆಟ ಸಮಸಮವಾಯಿತು. ಪೇಟೆ, ಕಾಲನಿ ಎನ್ನದೆ ಎಲ್ಲರೂ ಹಜರತಮಾಳ ಮಿರ್ಚಿಗೆ ಮುತ್ತಿಗೆ ಹಾಕಿದರು.

ಅದು ಹಳೆಯ ಮಾತು. ಆರೂವರೆ ಆಟವೇ ಊರಿಗೆ ರೂಢಿಯಾಯಿತು. ಪ್ರತಿ ವರ್ಷ ನನ್ನನ್ನು ಕಾಯಿಸುವ ಕೆಲಸ ಕಾಲನಿಯವರದೇ ಆಯಿತು, ಬೇರೆಯವರು ಮುಟ್ಟಿದರೆ ಅವರಿಗೆ ಸಿಟ್ಟು ಬರುತ್ತದೆ. ನನ್ನ ತೊಗಲಿಗೆ ಈಗ ಎರಡು ಕಡೆ ತೇಪೆ ಬಿದ್ದಿದೆ. ಮೈದಾನಕ್ಕೆ ಪ್ಲಾಸ್ಟಿಕ್ ಡ್ರಮ್ಮುಗಳು ಬಂದಿವೆ. ನಾನು ಗೆರೆಯ ಗುಂಟ ಓಡುವುದಿಲ್ಲ, ಮೂಲೆಯ ಬೇವಿನ ಗಿಡಕ್ಕೆ ಒರಗಿ ಕೂತು ಆಟ ನೋಡುತ್ತೇನೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪರಸಪ್ಪ ಕೂತಿರುತ್ತಾನೆ. ಈಗ ಅವನು ಕಣ್ತುಂಬ ಚೆಂಡನ್ನೇ ನೋಡುತ್ತಾನೆ.

ಯಮನೂರನ ಮೊಣಕಾಲು ಸೋತ ಮೇಲೆ ಅವನೂ ಆಟ ಬಿಟ್ಟ. ಆ ವರ್ಷ ಗೆರೆಯ ಬಳಿ ಬಾವುಟ ಹಿಡಿಯಲು ಯಾರನ್ನು ನಿಲ್ಲಿಸುವುದು ಎಂದು ಕಮಿಟಿಯಲ್ಲಿ ಜಗಳ. ಪೇಟೆಯವನಾದರೆ ಕಾಲನಿ ಒಪ್ಪದು, ಕಾಲನಿಯವನಾದರೆ ಪೇಟೆ ಒಪ್ಪದು. ಆಗ ಕಾಲನಿಯ ಪರವಾಗಿ ಸ್ಯಾಮ್ಯುವೆಲ್ ಎದ್ದು ನಿಂತ. "ಯಮನೂರನ್ನ ನಿಲ್ಲಸ್ರಿ. ಎತ್ತಿದ ಕಾಲು ತಡದಾನ ಅಂವ. ನಮಗ ಅಂವನ ಬೇಕು," ಎಂದ.

ಮೊದಲ ಪಂದ್ಯದಲ್ಲೇ ಪೇಟೆಯ ಹುಡುಗನೊಬ್ಬ ಚೆಂದದ ಗೋಲು ಹೊಡೆದ. ಯಮನೂರ ಬಾವುಟ ಎತ್ತಿದ. ಆಫ್‌ಸೈಡ್. ಪೇಟೆಯವರೆಲ್ಲ ಎದ್ದು ನಿಂತು ಬಾಯಿಗೆ ಬಂದ ಹಾಗೆ ಬೈದರು, ಅವನ ಸ್ವಂತ ತಾಯಿಯೂ ಬೈದಳು. ಒಂದೂ ಅವನಿಗೆ ಮುಟ್ಟಲಿಲ್ಲ. ಬಾವುಟ ಹಿಡಿದು ಆರಾಮಾಗಿ ನಿಂತಿದ್ದ. ಪರಸಪ್ಪನಿಗೆ ತಡೆಯಲಾಗಲಿಲ್ಲ. "ಏ ನನ್ನ ಮಗನ!" ಎಂದು ಕೋಲೆತ್ತಿ ನನ್ನ ಮೇಲೆ ಒಂದು ಬಾರಿಸಿದ. ಯಮನೂರ ಎದೆ ಹಿಡಿದುಕೊಂಡು ತಿರುಗಿದ. ನಮ್ಮಿಬ್ಬರನ್ನು ನೋಡಿದ. ಬಾವುಟವನ್ನು ಇನ್ನೂ ಎತ್ತರಕ್ಕೆ ಎತ್ತಿ ಹಿಡಿದು, ಬಾಯ್ತುಂಬ ನಕ್ಕ.