ಪ್ರಫುಲ್ಲಾಳ ಐದು ಗುಂಡುಗಳು

ಮನೆಯಿದ್ದ ಬಾಕ್ಸ್ ಹಿಲ್‌ನಿಂದ ಕಾರಿನಲ್ಲಿ ಎರಡು ಗಂಟೆ ದೂರದಲ್ಲಿ ಯಾದವ ಕೊಂಡಿದ್ದ ದ್ರಾಕ್ಷಿ ತೋಟದಲ್ಲಿ ಮೊಲಗಳ ಕಾಟ ವಿಪರೀತವಾಗಿತ್ತು. ಎಳೆ ಬಳ್ಳಿಗಳ ತೊಗಟೆಯನ್ನೆಲ್ಲ ಕೆರೆದು ತಿಂದಿದ್ದವು. ಕೃಷಿಕನೆಂದು ಅರ್ಜಿ ಹಾಕಿ, ತಿಂಗಳುಗಟ್ಟಲೆ ಅಲೆದು, ಅವನು ಪಾಯಿಂಟ್ ಟೂ ಟೂ ಸೆಮಿ ಆಟೊಮ್ಯಾಟಿಕ್ ರೈಫಲ್ಲಿಗೆ ಲೈಸೆನ್ಸ್ ಪಡೆದ. ಅದನ್ನು ಮೊದಲ ಸಲ ಹಾರಿಸಿ ನೋಡುವ ಭಾನುವಾರ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಪ್ರಫುಲ್ಲಾ ಮತ್ತು ಮಗಳು ತೃಷಾ ಅವನ ಹಿಂದೆ ನಿಂತಿದ್ದರು. ಪಕ್ಕದ ತೋಟದ ರಾಸ್ ಐವತ್ತು ಮೀಟರ್ ಆಚೆಯ ಮಣ್ಣುದಿಬ್ಬಕ್ಕೆ ಕಾಗದದ ಗುರಿ ಸಿಕ್ಕಿಸಿ ಬಂದ.

ಮಾಮೂಲಿ ಗುಂಡು ರೈಫಲ್ಲಿನೊಳಗೆ ಎರಡು ಸಲ ಸಿಕ್ಕಿಹಾಕಿಕೊಂಡಿತು. ರಾಸ್ ತನ್ನಲ್ಲಿದ್ದ, ಹೆಚ್ಚು ವೇಗದ ಹೈ ವೆಲಾಸಿಟಿ ಗುಂಡು ಕೊಟ್ಟ ಮೇಲೆ ಸರಾಗವಾಯಿತು. ಯಾದವ ಒಂದೇ ಉಸಿರಿಗೆ ಹತ್ತು ಗುಂಡು ಹಾರಿಸಿದ. ಕಾಗದಕ್ಕೆ ತಾಗಿದ್ದು ಒಂದು, ಅದೂ ಮೂಲೆಗೆ.

"ಟ್ರಿಗರ್ ಎಳೀತಾ ಇದ್ದೀರಿ. ಮೆಲ್ಲ ಒತ್ತಿ," ಎಂದಳು ಪ್ರಫುಲ್ಲಾ.

ಯಾದವ ನಕ್ಕು, ಇವಳಿಗೆ ಪಟಾಕಿ ಸದ್ದಿಗೂ ಹೆದರಿಕೆ ಎಂದು ರಾಸ್‌ಗೆ ಇಂಗ್ಲಿಷಿನಲ್ಲಿ ಹೇಳಿದ.

ಪ್ರಫುಲ್ಲಾಳ ಕಿವಿ ಬಿಸಿಯಾಯಿತು. ಉಡುಪಿಯ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಶೂಟಿಂಗಿಗೆಂದು ದೆಹಲಿಯ ಕ್ಯಾಂಪಿಗೆ ಆಯ್ಕೆಯಾಗಿದ್ದವಳು ಅವಳು. ನಿಶ್ಚಿತಾರ್ಥವಾದ ಹುಡುಗಿ ಅಷ್ಟು ದೂರ ಹೋಗುವುದು ಬೇಡವೆಂದು ಅವಳ ಅಪ್ಪನಿಗೆ ಫೋನ್ ಮಾಡಿದ್ದು ಇದೇ ಯಾದವ.

"ಹೆದರಿಕೆ ಅಂತ ಯಾಕೆ ಹೇಳಿದ್ರಿ? ಕ್ಯಾಂಪಿಗೆ ಬೇಡ ಅಂದದ್ದು ನೀವಲ್ವಾ?"

"ಇಪ್ಪತ್ತಾರು ವರ್ಷ ಆಯ್ತು ಮಾರಾಯ್ತಿ. ಈಗೆಂತ ಅದು?"

"ವಾಟ್ ಕ್ಯಾಂಪ್, ಅಮ್ಮಾ?" ಎಂದಳು ತೃಷಾ.

ಪ್ರಫುಲ್ಲಾ ಎಲ್ಲವನ್ನೂ ಹೇಳಿದಳು, ರಾಸ್‌ಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ. ಲೈಸೆನ್ಸ್ ಇಲ್ಲದೆ ಈ ರೈಫಲ್ ಮುಟ್ಟುವ ಹಾಗಿಲ್ಲ, ಆದರೆ ತನ್ನ ಶೂಟಿಂಗ್ ಕ್ಲಬ್ಬಿನ ರೇಂಜಿಗೆ ಬಂದರೆ ಬೇರೊಂದನ್ನು ಹಾರಿಸಬಹುದು ಎಂದ ರಾಸ್. ಅವಳಿಗೆಲ್ಲಿ ಪುರುಸೊತ್ತು ಎಂದು ಯಾದವನೇ ಉತ್ತರ ಕೊಟ್ಟ. ಬರುತ್ತೇನೆ ಎಂದಳು ಪ್ರಫುಲ್ಲಾ.

ಎರಡು ವಾರದ ಮೇಲೆ ಕ್ಲಬ್ಬಿನ ಚಾಪೆಯ ಮೇಲೆ ಬೋರಲು ಮಲಗಿದಾಗ ಮೈಗೆ ಎಲ್ಲವೂ ನೆನಪಿತ್ತು. ಮೊಣಕೈ ತಾನಾಗಿ ಜಾಗ ಹುಡುಕಿಕೊಂಡಿತು, ಉಸಿರು ತಾನಾಗಿ ನಿಂತಿತು. ನಲವತ್ತೆಂಟರ ಕಣ್ಣಿಗೆ ಮಾತ್ರ ನಳಿಗೆಯ ತುದಿ ಮಸುಕಾಗಿ ಕದಡಿಹೋಯಿತು. ಐದರಲ್ಲಿ ಮೂರು ಗುಂಡು ಕಾಗದಕ್ಕೇ ತಾಗಲಿಲ್ಲ.

ಕಾರಿನಲ್ಲಿ ಕಾಯುತ್ತಿದ್ದ ಯಾದವ, "ಎಂತಾಯ್ತು?" ಎಂದ. ಅವಳು ಇದ್ದದ್ದನ್ನು ಹೇಳಿದಳು.

"ಹೋಗ್ಲಿ ಬಿಡು," ಎಂದ. ಆ ದನಿಯಲ್ಲಿ ಎಷ್ಟೋ ದಿನಗಳ ಮೇಲೆ ಪ್ರೀತಿಯಿತ್ತು. ತಪ್ಪಿದ ಗುಂಡುಗಳಿಗಿಂತ, ತಾನು ಸೋತ ಮೇಲೆ ಸಿಕ್ಕ ಆ ಪ್ರೀತಿಯೇ ಅವಳನ್ನು ಹೆಚ್ಚು ಚುಚ್ಚಿತು. ಮರುದಿನ ಡ್ಯೂಟಿಗೆ ಹೋದವಳೇ, ಅವನ ಜತೆ ತೋಟಕ್ಕೆ ಹೋಗುವುದು ತಪ್ಪಲೆಂದು, ಇನ್ನು ಮುಂದೆ ಭಾನುವಾರದ ಶಿಫ್ಟ್ ಎಲ್ಲ ತನಗೇ ಹಾಕಿ ಎಂದು ಕೇಳಿಕೊಂಡಳು.