ಓಡಿ ಬಂದವನು

ಬೆಳಗಿನ ಗಂಜಿ ಮುಗಿದಿತ್ತು. ಮದರಾಸಿನ ಆ ಜೈಲಿನ ಅಂಗಳದಿಂದ ಬಿಳಿ ಟೋಪಿಯ ಕೈದಿಗಳು ತೋಟಕ್ಕೆ, ಅಡುಗೆಮನೆಗೆ ಹೊರಟರು. ಕೆಂಪು ಟೋಪಿಯವರು ಮಾತ್ರ ಬೀಗದೊಳಕ್ಕೆ ಮರಳಿದರು. ಕೆಂಪೆಂದರೆ ತಪ್ಪಿಸಿಕೊಂಡು ಓಡುವ ಕೈದಿ. ಅಂಥವನಿಗೆ ಹೊರಗೆಲಸವಿಲ್ಲ, ಮನೆಯವರು ಬಂದರೂ ಭೇಟಿ ಜಾಲರಿಯ ಆಚೆಯಿಂದಲೇ.

ಯಾರ ತಲೆಗೆ ಯಾವ ಬಣ್ಣ ಎಂಬುದನ್ನು ಆಗಾಗ ಮತ್ತೆ ನೋಡಬೇಕು, ಆಗ ಹೊರಗಿನವರೊಬ್ಬರು ಜೊತೆಗಿರಬೇಕು ಎಂಬ ನಿಯಮವಿತ್ತು. ಎಗ್ಮೋರಿನ ಭೀಮಾಬಾಯಿ ಹಾಗೆ ಬರುತ್ತಿದ್ದರು. ಸೂಪರಿಂಟೆಂಡೆಂಟ್ ಮಧ್ವರಾಜರು ಒಬ್ಬೊಬ್ಬ ಕೈದಿಯ ಕಾಗದ ಓದುವರು, ಇವರು "ಸರಿ" ಎಂದು ರುಜು ಹಾಕುವರು. ಗಂಡಸರ ಮುಂದೆ ಬಾಯಿ ತೆರೆಯಲು ಅವರಿಗೆ ಮೊದಲಿಂದಲೂ ಸಂಕೋಚ.

"ಸುಬ್ರಾಯ. ಹೋಟೆಲಿನ ಅಡುಗೆಯವನು. ಜಗಳದಲ್ಲಿ ಯಜಮಾನನಿಗೆ ಸೌಟಿನಿಂದ ಹೊಡೆದ. ಹಿಂದೆ ಓಡಿದವನು. ಕೆಂಪೇ ಇರಲಿ," ಎಂದರು ಮಧ್ವರಾಜರು.

ಭೀಮಾಬಾಯಿಗೆ ಬೆಳಿಗ್ಗೆ ಬರುವಾಗ ಗೇಟಿನ ಬಳಿ ಕಂಡ ಮುದುಕಿ ನೆನಪಾದಳು. ಬೈಂದೂರಿನಿಂದ ಬಂದಿದ್ದ ಅವನ ತಾಯಿ ಅಮ್ಮಣ್ಣಿ. ಕಣ್ಣು ಪೂರ್ತಿ ಮಂಜು. "ಜಾಲರಿ ಆಚಿಂದ ಕಾಂಬುಕೆ ನಂಗೆ ಕಣ್ಣೆಲ್ಲಿತ್ತಮ್ಮ? ಮುಟ್ಟಿಯೇ ಕಾಣ್ಕ್," ಎಂದಿದ್ದಳು.

ಪೆನ್ನು ಹಿಡಿದ ಕೈ ನಿಂತಿತು. "ಅವನನ್ನ ಒಂದ್ಸಲ ಕರೆಸ್ತೀರಾ?"

"ಯಾಕಮ್ಮಾ? ಹೋದ ವರ್ಷ ಒಬ್ಬ ಗೋಡೆ ಹಾರಿದ. ಕೆಲಸ ಕಳಕೊಂಡದ್ದು ಪಾಪದ ವಾರ್ಡರ್. ಅವನ ಮಕ್ಕಳಿಗೆ ಅನ್ನ ಯಾರು ಹಾಕ್ತಾರೆ, ಹೇಳಿ?"

ಆ ಮಾತೂ ನಿಜವೇ. ಆದರೂ ಭೀಮಾಬಾಯಿ ರುಜು ಹಾಕಲಿಲ್ಲ. ಕಾಗದವನ್ನು ಮೆಲ್ಲಗೆ ಅವರತ್ತ ಹಿಂದಕ್ಕೆ ಸರಿಸಿದರು. ಕೊನೆಗೆ ಮಧ್ವರಾಜರು ವಾರ್ಡರನ್ನು ಕಳಿಸಿ ಸುಬ್ರಾಯನನ್ನು ಕರೆಸಿದರು.

"ಯಾವ ಜೈಲಿಂದ ಓಡಿದ್ದೆಯಪ್ಪಾ?" ಎಂದು ಕೇಳಿದರು ಭೀಮಾಬಾಯಿ.

"ಜೈಲಿಂದ ಅಲ್ಲ ಅಮ್ಮ, ಮನಿಂದ! ಸಣ್ಣ ಪ್ರಾಯದಗೆ. ಇಲ್ಲಿಗೆ ತಂದ ದಿನ 'ಎಲ್ಲಿಂದಾದ್ರೂ ಓಡಿ ಬಂದವನಾ?' ಕೇಂಡ್ರ್. ಹೌದು ಅಂದೆ. ಮದ್ರಾಸಿನ ಹೋಟ್ಲಲ್ಲಿ ಓಡಿ ಬರ್ದೇ ಇದ್ದವ ಯಾರಿದ್ದ?"

ಬಾಗಿಲಲ್ಲಿದ್ದ ವಾರ್ಡರ್ ನಕ್ಕುಬಿಟ್ಟ. ಮಧ್ವರಾಜರು ನಗಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಅಯ್ಯೋ ರಾಮಾ," ಎಂದು ಗೊಣಗಿ, ವಾರ್ಡರಿಗೆ ಹೇಳಿದರು: "ಬಿಳಿ ಟೋಪಿ ಕೊಡು. ಅವನ ತಾಯಿಯನ್ನು ಒಳಗೆ ಬಿಡು."

ಕಿಟಕಿಯಾಚೆ ಬೇವಿನ ಮರದಡಿ ಅಮ್ಮಣ್ಣಿ ಮಗನ ಮುಖ, ಕಿವಿ, ಭುಜ ಸವರಿದಳು. ಆಮೇಲೆ ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಈ ಸಲ ಓಡುಕೆ ಬಿಡ್ತಿಲ್ಲೆ, ಕಾಣ್."

ಮಧ್ವರಾಜರು ಮುಂದಿನ ಕಾಗದ ಸರಿಸಿದರು. "ಇವನೂ ಕೆಂಪೇ..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

ಭೀಮಾಬಾಯಿ ಪೆನ್ನಿಗೆ ಮುಚ್ಚಳ ಹಾಕಿದರು.

"ಮೊದಲು ಕರೀರಿ," ಎಂದರು.