ಮೂಲವ್ಯಾಧಿಗೆ ಬಂದ ನೆಂಟರು

ಸಾಲಗುಂದದ ಕಲ್ಯಾಣಮ್ಮನಿಗೆ ಮೂಲವ್ಯಾಧಿ ಎಂದು ಗಂಡ ಶಿವಶರಣಪ್ಪ ಹೇಳಿದ್ದ, ಅವಳು ನಂಬಿದ್ದಳು. ಎಪ್ಪತ್ತರ ಹತ್ತಿರ ಬಂದ ಹೆಂಗಸು, ಸಂಡಾಸಿನಲ್ಲಿ ರಕ್ತ ಹೋಗುತ್ತದೆ ಎಂದು ಇನ್ನಾರ ಮುಂದೆ ಹೇಳಿಕೊಂಡಾಳು? ಅವನೇ ಸಿಂಧನೂರಿನ ದವಾಖಾನೆಗೆ ಕರೆದೊಯ್ದ. ಒಳಗೆ ಪೈಪು ಬಿಟ್ಟು ನೋಡಿದರು. ಕೆಲವು ದಿನ ಬಿಟ್ಟು ರಿಪೋರ್ಟಿಗೆ ಹೋದಾಗ ಡಾಕ್ಟರು ಗಂಡನನ್ನಷ್ಟೇ ಒಳಗೆ ಕರೆದರು. ಇವಳು ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿದಳು.

ಆಮೇಲೆ ನೋಡಿ, ಮಾತಾಡಿಸಲು ಬರುವ ಮಂದಿಯ ದಂಡು ಶುರುವಾಯಿತು. ಲಿಂಗಸುಗೂರಿನ ಬೀಗರು ಬಂದರು, ಓಣಿಯ ಹಸೀನಾಬೀ ಬಂದಳು. ಕೈಯಲ್ಲಿ ಬ್ರೆಡ್ಡು, ಮೋಸಂಬಿ. ಇವಳ ಕೈ ಹಿಡಿದು ಮೆತ್ತಗೆ ಮಾತಾಡುವುದೇನು, ಹೊರಗೆ ಹೋಗಿ ಗಂಡನ ಜೊತೆ ಪಿಸುಗುಡುವುದೇನು! ಒಂದು ಮೂಲವ್ಯಾಧಿಗೆ ಇಷ್ಟು ಉಪಚಾರವೇ ಎಂದು ಕಲ್ಯಾಣಮ್ಮ ಒಳಗೊಳಗೇ ಹಿಗ್ಗಿದಳು, ಹುಚ್ಚಿ.

ಕೊನೆಗೆ ಮಸ್ಕಿಯಿಂದ ತಂಗಿ ಶಿವಗಂಗಾ ಬಂದಳು. ಅವ್ವ ಸತ್ತಾಗ ಅಕ್ಕ ಬರುವ ಮೊದಲೇ ಮಣ್ಣು ಮಾಡಿಸಿದವಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬಂದವಳೇ ಕಾಲು ಹಿಡಿದಳು.

"ಯಕ್ಕಾ, ನೀ ಹೋಗೋದ್ರಾಗ ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋ."

"ಎಲ್ಲಿಗಿ ಹೋಗೋದ್ರಾಗ?"

ಶಿವಗಂಗಾ ಮಾತು ಮರೆಸಲು ಮೋಸಂಬಿ ಸುಲಿಯತೊಡಗಿದಳು. ಕಲ್ಯಾಣಮ್ಮ ಬಿಡುವ ಪೈಕಿಯೇ? ಗದರಿಸಿ ಕೇಳಿದಳು, ತಂಗಿ ಅಳುತ್ತ ಎಲ್ಲವನ್ನೂ ಹೇಳಿದಳು. ಕರುಳಿನ ಕ್ಯಾನ್ಸರ್. ಆಪರೇಷನ್ ಮಾಡಿದರೆ ಉಳಿಯಬಹುದು, ಆದರೆ ಮಲಕ್ಕೆ ಹೊಟ್ಟೆಯ ಮೇಲೆ ಚೀಲ ಹಾಕಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಈ ವಯಸ್ಸಿನಲ್ಲಿ ಅದೆಲ್ಲ ಬೇಡ ಎಂದು ಶಿವಶರಣಪ್ಪ ಕೈ ಮುಗಿದು ಬಂದಿದ್ದ. ಊರಿಗೆಲ್ಲ ಗೊತ್ತು, ಇವಳೊಬ್ಬಳಿಗೆ ಬಿಟ್ಟು.

ಗಂಡ ಬಾಗಿಲಲ್ಲೇ ನಿಂತಿದ್ದ. ಕಲ್ಯಾಣಮ್ಮನಿಗೆ ಸಾವಿನ ಭಯ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು.

"ನೀ ಎದಿ ಒಡ್ಕೋತಿ ಅಂತ ಹೇಳ್ಲಿಲ್ಲ," ಎಂದ ಅವನು. "ಚೀಲ ಕಟ್ಕೊಂಡು ನೀ ಹೆಂಗ ಪೂಜಿ ಮಾಡ್ತಿದ್ದಿ, ಹೆಂಗ ಮಂದ್ಯಾಗ ಕುಂದರ್ತಿದ್ದಿ?"

"ಸೀರಿ ತರಬೇಕಾದ್ರ ಯಾವ ಬಣ್ಣ ಅಂತ ಕೇಳ್ತಿದ್ರಿ. ಜೀವ ಬೇಕೋ ಬ್ಯಾಡೋ ಅಂತ ಕೇಳ್ಲಿಲ್ಲ."

ಅವನು ಕೆಟ್ಟವನಲ್ಲ, ಅದೇ ಅವಳನ್ನು ಹೆಚ್ಚು ಉರಿಸಿತು. ನಲವತ್ತು ವರ್ಷಕ್ಕೂ ಮೇಲೆ ಅವನು ಉಂಡ ತಾಟು ತೊಳೆದುಕೊಟ್ಟವಳಿಗೆ ತನ್ನ ದೇಹದ ಬಗ್ಗೆ ಒಂದು ಮಾತು ಹೇಳುವ ಹಕ್ಕೂ ಸಿಗಲಿಲ್ಲ.

ತಂಗಿಯ ಕಡೆ ತಿರುಗಿದಳು.

"ನಿನ್ನ ಮಾಫ್ ಮಾಡಿಲ್ಲ, ತಿಳ್ಕೊ. ಆದ್ರ ನಾಳಿ ಮುಂಜಾನಿ ದವಾಖಾನಿಗಿ ನೀನ ನನ್ನ ಕೂಡ ಬಾ."

"ನಾನೂ ಬರ್ತೀನಿ," ಎಂದ ಶಿವಶರಣಪ್ಪ.

"ಬ್ಯಾಡ್ರಿ. ನೀವು ಬಂದ್ರ, ನನ್ನ ಬದ್ಲಿ ಮತ್ತ ನೀವ ಮಾತಾಡ್ತೀರಿ."